ಹಳೇ ಕಲ್ಲಿನ ಫಾರ್ಮ್‌ಹೌಸ್ ಕೊಳ್ಳಲು ಹೊರಟವರಿಗೆ

ಇಂಗ್ಲೆಂಡಿನ ಲೀಡ್ಸ್‌ಗೆ ಬಂದು ಇನ್ನೂ ವರ್ಷ ತುಂಬಿಲ್ಲ, ಆಗಲೇ ಹೆಬ್ಡನ್ ಬ್ರಿಜ್ ಮೇಲಿನ ಗುಡ್ಡದಲ್ಲಿ 17ನೇ ಶತಮಾನದ ಕಲ್ಲಿನ ಮನೆ ನೋಡಿ ಬಂದಿದ್ದೀರಿ. ಚಳಿ ಹೇಗೆ, ಅಡುಗೆಮನೆ ಗೋಡೆ ಒಡೆದು ದೊಡ್ಡದು ಮಾಡಬಹುದಾ, ದೇವರಿಗೆ ಜಾಗ ಸಿಗುತ್ತಾ, ಹತ್ತಿರ ಕನ್ನಡದವರು ಇದ್ದಾರಾ ಅಂತ ಕೇಳಿದ್ದೀರಿ. ನಾನು ಹ್ಯಾಲಿಫ್ಯಾಕ್ಸ್ ಕಡೆ ಅಂಥದೇ ಮನೆಯಲ್ಲಿ ಇರುವವನು, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಸುಲಭದ್ದು ಮೊದಲು. ಚಳಿ ಇದೆ, ಸ್ವೆಟರ್ ಹಾಕಿಕೊಳ್ಳಿ. ಗುಡ್ಡದ ಮೇಲೆ ಕನ್ನಡದವರು ಯಾರೂ ಇಲ್ಲ. ಯುಗಾದಿಗೋ ದೀಪಾವಳಿಗೋ ಕನ್ನಡ ಬಳಗದ ಕಾರ್ಯಕ್ರಮ ಇದ್ದರೆ ಕಾರಲ್ಲಿ ಹೋಗಿ ಬರುವುದು. ತೊಗರಿಬೇಳೆ, ಹುಣಸೆಹಣ್ಣು ಬ್ರಾಡ್‌ಫರ್ಡ್‌ನಲ್ಲಿ ಸಿಗುತ್ತದೆ.

ನಾನು ಬಂದಿಳಿದದ್ದು ಒಂದು ಜನವರಿಯಲ್ಲಿ. ಬಸ್ಸಿನ ಕಿಟಕಿಯಿಂದ ಗುಡ್ಡದ ಮೇಲೆ ಕಪ್ಪಗಿನ ಮನೆಗಳು ಕಂಡು, ಇಲ್ಲೇನೋ ದೊಡ್ಡ ಬೆಂಕಿ ಅನಾಹುತ ಆಗಿರಬೇಕು ಅಂದುಕೊಂಡಿದ್ದೆ. ಅದು ಗಿರಣಿಗಳ ಹೊಗೆಯ ಮಸಿ. ಒಳಗಿನ ಕಲ್ಲು ಕಂದುಹಳದಿ. ಮಿಲ್‌ಸ್ಟೋನ್ ಗ್ರಿಟ್ ಅನ್ನುತ್ತಾರೆ, ಬೀಸುಕಲ್ಲಿಗೆ ಬಳಸುತ್ತಿದ್ದ ಒರಟು ಮರಳುಗಲ್ಲು.

ಇವನ್ನು ಕಟ್ಟಿಸಿದವರು ಬರೀ ರೈತರಲ್ಲ. ನಾಲ್ಕು ಹಸು, ಒಂದಿಷ್ಟು ಹೊಲ, ಜೊತೆಗೆ ಉಣ್ಣೆ ಬಟ್ಟೆ ನೇಯ್ಗೆ. ಮಹಡಿಯಲ್ಲಿ ಸಾಲು ಕಿಟಕಿ ಇದ್ದರೆ ಅದು ಮಗ್ಗಕ್ಕೆ ಬೆಳಕು ಬೀಳಲಿ ಅಂತ. ಎಷ್ಟೋ ಕಡೆ ಮನೆಯೂ ಕೊಟ್ಟಿಗೆಯೂ ಒಂದೇ ಸೂರಿನಡಿ, ಲೇಥ್ ಹೌಸ್ ಅಂತ ಕರೆಯುತ್ತಾರೆ. ನಮ್ಮ ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ.

ಬಾಗಿಲ ಮೇಲಿನ ಕಲ್ಲಿನಲ್ಲಿ ಇಸವಿ, ಗಂಡ ಹೆಂಡತಿಯ ಹೆಸರಿನ ಮೊದಲಕ್ಷರ ಕೆತ್ತಿರುತ್ತಾರೆ. ಏಜೆಂಟ್ ಅದನ್ನೇ ತೋರಿಸಿ ಮಾರುತ್ತಾನೆ. ನಂಬಬೇಡಿ. ಎಷ್ಟೋ ಸಲ ಅದು ಮನೆ ಕಟ್ಟಿದ ಇಸವಿ ಅಲ್ಲ, ಯಾರೋ ದುಡ್ಡಾದವರು ರಿಪೇರಿ ಮಾಡಿಸಿದ್ದು. ಹ್ಯಾಲಿಫ್ಯಾಕ್ಸ್ ಸುತ್ತಮುತ್ತ ಮೊದಲು ಮರದ ಚೌಕಟ್ಟಿನ ಮನೆಗಳಿದ್ದವು, ಆಮೇಲೆ ಅವಕ್ಕೆ ಹೊರಗಿನಿಂದ ಕಲ್ಲಿನ ಗೋಡೆ ಏರಿಸಿದರು. ಹೊರಗೆ ನಿಂತು ಗೋಡೆ ನೋಡಿ. ಮೂಲೆಯಲ್ಲಿರಬೇಕಾದ ದೊಡ್ಡ ಮೂಲೆಗಲ್ಲುಗಳ ಸಾಲು ಗೋಡೆಯ ನಡುವೆ ಮೇಲಿಂದ ಕೆಳಗೆ ಇಳಿದಿದ್ದರೆ, ಹಳೇ ಮನೆ ಅಲ್ಲಿಗೆ ಮುಗಿದಿತ್ತು, ಮುಂದಿನದು ಆಮೇಲೆ ಸೇರಿಸಿದ್ದು ಅಂತ ಲೆಕ್ಕ. ಮುಚ್ಚಿದ ಕಿಟಕಿ ಕಂಡರೆ ಎಲ್ಲರೂ ಕಿಟಕಿ ತೆರಿಗೆ ಕಥೆ ಹೇಳುತ್ತಾರೆ, ಕಿಟಕಿ ಎಣಿಸಿ ಹಾಕುತ್ತಿದ್ದ ತೆರಿಗೆ ತಪ್ಪಿಸಲು ಮುಚ್ಚಿದರು ಅಂತ. ಆ ತೆರಿಗೆ 1696ರಿಂದ 1851ರವರೆಗೆ ಇದ್ದದ್ದು ನಿಜ, ಆದರೆ ಒಳಗೆ ಹೊಸ ಒಲೆಯೋ ಮೆಟ್ಟಿಲೋ ಬಂತು ಅಂತ ಮುಚ್ಚಿದ ಕಿಟಕಿಗಳೂ ಬೇಕಾದಷ್ಟಿವೆ.

ಗೋಡೆ ದಪ್ಪ ಇದೆ ಅಂತ ಖುಷಿಪಡುವ ಮೊದಲು ಕಲ್ಲುಗಳ ನಡುವಿನ ಸಂದು ನೋಡಿ. ಹೊರಗೊಂದು ಪದರ, ಒಳಗೊಂದು ಪದರ, ನಡುವೆ ಕಲ್ಲುಚೂರು ತುಂಬಿರುತ್ತದೆ. ಇದು ಸುಣ್ಣದ ಗಾರೆಯ ಗೋಡೆ, ಮಳೆ ಕುಡಿಯುತ್ತದೆ, ಆಮೇಲೆ ಸಂದುಗಳಿಂದ ಆರುತ್ತದೆ. ಆ ಸಂದಿಗೆ ಸಿಮೆಂಟ್ ಮೆತ್ತಿದರೆ ನೀರು ಒಳಗೇ ಕೂರುತ್ತದೆ, ಹಿಮ ಬಿದ್ದಾಗ ಕಲ್ಲಿನ ಮುಖವೇ ಸಿಪ್ಪೆ ಏಳುತ್ತದೆ. ಒದ್ದೆ ಗೋಡೆಗೆ ಔಷಧಿ ಚುಚ್ಚುತ್ತೇವೆ ಅಂತ ಬರುವವರಿಗೆ ದುಡ್ಡು ಕೊಡಬೇಡಿ. ಸಿಮೆಂಟ್ ಕೆತ್ತಿಸಿ ಸುಣ್ಣ ಹಾಕಿಸಿ.

ನನ್ನನ್ನು ಹಣ್ಣು ಮಾಡಿದ್ದು ಇದಲ್ಲ, ಕಾಗದ. ನಮ್ಮ ಮನೆ ಲಿಸ್ಟೆಡ್, ಗ್ರೇಡ್ ಟು. ಅಂದರೆ ಸರ್ಕಾರದ ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿದೆ, ಅದರ ಸ್ವರೂಪ ಬದಲಿಸಲು ಅನುಮತಿ ಬೇಕು. ನೀವು ನೋಡಿದ್ದೂ ಹಾಗೇ ಇರುತ್ತದೆ, ಏಕೆಂದರೆ 1700ಕ್ಕಿಂತ ಹಳೆಯದಾಗಿ ಮೂಲರೂಪ ಹೆಚ್ಚುಕಮ್ಮಿ ಉಳಿದಿರುವ ಮನೆಗಳೆಲ್ಲ ಬಹುತೇಕ ಪಟ್ಟಿಯಲ್ಲಿವೆ. ಬರೀ ಮುಂಭಾಗ ಅಲ್ಲ, ಒಳಗಿನದೂ ಸೇರಿ. 1948ರ ಜುಲೈ 1ಕ್ಕೆ ಮೊದಲಿನಿಂದ ಅಂಗಳದಲ್ಲಿ ಇರುವ ಗೋಡೆ, ಹಂದಿಗೂಡು ಕೂಡ ಸಾಮಾನ್ಯವಾಗಿ ಅದರಲ್ಲೇ ಬರುತ್ತದೆ. ನಾವು ಅಡುಗೆಮನೆಗೆ ಅನುಮತಿ ಕೇಳಿದಾಗ ನೋಡಲು ಬಂದ ಅಧಿಕಾರಿ ಅಡುಗೆಮನೆ ಬಿಟ್ಟು ಹಿಂದಿನ ಕೋಣೆಯ ಪ್ಲಾಸ್ಟಿಕ್ ಕಿಟಕಿ ಮುಂದೆ ನಿಂತುಬಿಟ್ಟರು. ಹಿಂದಿನ ಮಾಲೀಕ ಯಾರನ್ನೂ ಕೇಳದೆ ಹಾಕಿಸಿದ್ದು. ಇಂಥ ಕೆಲಸಕ್ಕೆ ಇಷ್ಟು ವರ್ಷ ಕಳೆದರೆ ಮಾಫಿ ಅನ್ನುವ ಗಡುವೇ ಇಲ್ಲ. ತಪ್ಪು ಮಾಡಿದವನು ಅವನೇ ಆದರೂ ಸರಿಪಡಿಸಿ ಅನ್ನುವ ನೋಟಿಸ್ ಈಗಿನ ಮಾಲೀಕನಿಗೆ ಬರಬಹುದು. ಫ್ರೇಮ್ ಕಿತ್ತಾಗ ಕೆಳಗಿನ ಹಾಸುಗಲ್ಲಿನಲ್ಲಿ ಕಿಟಕಿಯನ್ನು ಭಾಗ ಮಾಡುತ್ತಿದ್ದ ಹಳೇ ಕಲ್ಲುಕಂಬಿಗಳ ಮೂರು ಬುಡ ಕಂಡವು, ಗ್ರೈಂಡರ್ ಎಳೆದ ಗೆರೆ ಇನ್ನೂ ಹಸಿಯಾಗಿ ಬಿಳಿ ಬಿಳಿ. ಹೊಸ ಕಂಬಿ ಕಡೆದು ಕೂರಿಸಿದ ಕಲ್ಲುಕುಟಿಗನ ಬಿಲ್ಲು ಕೇಳಬೇಡಿ.

ಸಿಟ್ಟು ಬಂದಿತ್ತು. ಆದರೆ ಅದೇ ಹೊತ್ತಿಗೆ ಊರಲ್ಲಿ ಅಜ್ಜನ ಮನೆ ಕೆಡವಿದರು. ಯಾರೂ ಒಂದು ಚೀಟಿ ಕೇಳಲಿಲ್ಲ. ಜೆಸಿಬಿ ಬಂತು, ಮಧ್ಯಾಹ್ನದೊಳಗೆ ಜಗುಲಿ, ತೊಟ್ಟಿ, ಅಟ್ಟ ಎಲ್ಲ ನೆಲಸಮ. ಕಂಬಗಳನ್ನು ಯಾವುದೋ ಹೋಂಸ್ಟೇಗೆ ಲಾರಿಯಲ್ಲಿ ಒಯ್ದರಂತೆ. ನನಗೆ ಒಂದು ಫೋಟೋ ಬಂತು, ಅದೂ ಕೆಡವಿದ ಮೇಲಿನದು. ಇಲ್ಲಿ ಯಾರದೋ ಅಜ್ಜನ ಮನೆಯ ಮೂರು ಕಲ್ಲಿಗೆ ನಾನು ದುಡ್ಡು ಸುರಿಯುತ್ತಿದ್ದೆ. ಆ ಸಂಕಟ ಇನ್ನೂ ಹೋಗಿಲ್ಲ.

ಹಾಗಂತ ಇಲ್ಲಿಯವರು ಮನೆ ಮುಟ್ಟಲೇ ಇಲ್ಲ ಅಂತಲ್ಲ. ಒಂದು ರಜೆ ದಿನ ಹ್ಯಾಲಿಫ್ಯಾಕ್ಸ್‌ನ ಶಿಬ್ಡನ್ ಹಾಲ್ ನೋಡಿ ಬನ್ನಿ, ಈಗ ಮ್ಯೂಸಿಯಂ. ದೊಡ್ಡಮನೆಯೇ, ಆದರೂ ಇದೇ ಕಥೆ. 1420ರ ಸುಮಾರಿನ ಮರದ ಚೌಕಟ್ಟು, ಆಮೇಲಿನ ಕಲ್ಲು, 1830ರ ದಶಕದಲ್ಲಿ ಮನೆಯ ಒಡತಿ ಆನ್ ಲಿಸ್ಟರ್ ಸೇರಿಸಿದ ಗೋಪುರ. ಆಕೆಗೆ ಯಾವ ಅಧಿಕಾರಿಯ ಕಾಟವೂ ಇರಲಿಲ್ಲ. ನಿಮಗಿರುತ್ತದೆ.

ಅಡುಗೆಮನೆ ಗೋಡೆ ವಿಷಯ: ಅದು ಹಿಂದೊಮ್ಮೆ ಹೊರಗೋಡೆ ಆಗಿತ್ತಾ ನೋಡಿ. ಆಗಿದ್ದರೆ ಒಡೆಯುವ ಆಸೆ ಬಿಡಿ, ಸಣ್ಣ ಅಡುಗೆಮನೆಯಲ್ಲೂ ಸಾರು ಕುದಿಯುತ್ತದೆ. ದೇವರಿಗೆ ಒಲೆಯ ಪಕ್ಕದ ಗೋಡೆಗೂಡು ಹುಡುಕಿ. ಉಪ್ಪು, ಮಸಾಲೆ ಒಣಗಿರಲಿ ಅಂತ ಇಡುತ್ತಿದ್ದ ಜಾಗ. ನಮ್ಮನೆ ಗಣಪತಿ ಅಲ್ಲೇ ಇದ್ದಾನೆ, ಅದಕ್ಕೆ ಅನುಮತಿ ಬೇಡ. ದೀಪದ ಮಸಿ ಬಗ್ಗೆ ಮಾತ್ರ ಎಚ್ಚರ.

ಮುಂಗಡ ಕೊಡುವ ಮೊದಲು ಸಾಲಿಸಿಟರ್‌ಗೆ, ಅಂದರೆ ಮನೆ ಕೊಳ್ಳುವ ಕಾಗದಪತ್ರ ನೋಡುವ ವಕೀಲರಿಗೆ, ಹೇಳಿ ಪ್ರತಿ ಬದಲಾವಣೆಯ ಅನುಮತಿ ಪತ್ರ ತರಿಸಿ, ಮುಖ್ಯವಾಗಿ ಕಿಟಕಿಗಳದ್ದು. ಕಟ್ಟಡ ಪರೀಕ್ಷಿಸಲು ಸುಣ್ಣದ ಗೋಡೆ ಗೊತ್ತಿರುವ ಸರ್ವೇಯರ್ ಹಿಡಿಯಿರಿ. ಫೋಟೋ ಕಳಿಸುವುದಾದರೆ ಮನೆ ಹಿಂಭಾಗದ್ದು ಕಳಿಸಿ, ಮುಂಭಾಗ ಏಜೆಂಟ್ ಆಗಲೇ ಚೆನ್ನಾಗಿ ತೆಗೆದಿರುತ್ತಾನೆ.