ಮೆಲ್ಬರ್ನ್‌ಗೆ ಸಿನಿಮಾ ಓದಲು ಬರುವ ತಂಗಿಗೆ

ತಂಗೀ,

ತಿಪಟೂರಿನಿಂದ ಮೆಲ್ಬರ್ನ್‌ಗೆ, ಅದೂ ಬಿ.ಎ.ಯಲ್ಲಿ ಫಿಲ್ಮ್ ಅಂಡ್ ಸ್ಕ್ರೀನ್ ಸ್ಟಡೀಸ್ ಓದಲು ಬರ್ತಿದ್ದೀಯ ಅಂತ ತಿಳಿದು ಖುಷಿಯಾಯಿತು. ನಾನು ಹೊರಟಾಗ ನಮ್ಮಪ್ಪ 'ಸಿನಿಮಾ ನೋಡೋಕೆ ಯಾರಾದ್ರೂ ಲಕ್ಷಗಟ್ಟಲೆ ಸುರೀತಾರೇನೇ?' ಅಂದಿದ್ದರು. ನಿಮ್ಮ ಮನೆಯಲ್ಲೂ ಯಾರೋ ಒಬ್ಬರು ಅಂದಿರುತ್ತಾರೆ ಬಿಡು.

ಇಂಗ್ಲಿಷ್ ಸಾಲುತ್ತಾ, ದುಡಿಯಬಹುದಾ, ಕ್ಯಾಮೆರಾ ಕೊಡ್ತಾರಾ, ಆಮೇಲೆ ಕೆಲಸ ಸಿಗುತ್ತಾ ಅಂತೆಲ್ಲ ಕೇಳಿದ್ದೀಯ. 'ನಾನು ಸಿಕ್ಕಾಪಟ್ಟೆ ಸಿನಿಮಾ ನೋಡಿದ್ದೀನಿ ಅಕ್ಕಾ, ಅದು ಸಾಕಲ್ವಾ?' ಅಂತ ಬೇರೆ.

ಸಣ್ಣಪುಟ್ಟದ್ದು ಮೊದಲು ಮುಗಿಸ್ತೀನಿ. ಇಂಗ್ಲಿಷ್ ಸಾಲುತ್ತೆ. ಇಲ್ಲಿಯವರು ಅರ್ಧ ಮಾತು ಬಾಯೊಳಗೇ ನುಂಗುತ್ತಾರೆ, ಕಿವಿ ಒಗ್ಗೋವರೆಗೆ ಸ್ವಲ್ಪ ಕಷ್ಟ, ಅಷ್ಟೇ. ತರಗತಿ ನಡೆಯುವಾಗ ಸ್ಟೂಡೆಂಟ್ ವೀಸಾದವರು ಎರಡು ವಾರಕ್ಕೆ 48 ಗಂಟೆ ಕೆಲಸ ಮಾಡಬಹುದು. ಅಷ್ಟೂ ಗಂಟೆ ಮಾಡಲೇಬೇಕು ಅಂತ ಹೊರಡಬೇಡ. ಅಸೈನ್‌ಮೆಂಟುಗಳೆಲ್ಲ ಒಂದೇ ವಾರ ಬಂದು ಕೂರುತ್ತವೆ. ಊಟದ ಚಿಂತೆ ಬೇಡ, ಡ್ಯಾಂಡೆನಾಂಗ್ ಕಡೆ ಹೋದರೆ ರಾಗಿ ಹಿಟ್ಟೂ ಸಿಗುತ್ತೆ. ಕ್ಯಾಮೆರಾ ಮಾತ್ರ ಆಸೆ ಇಟ್ಟುಕೊಳ್ಳಬೇಡ. ಸ್ಟಡೀಸ್ ಅಂದರೆ ನೋಡೋದು, ಓದೋದು, ಬರೆಯೋದು. ತೆಗೆಯೋದು ಕಲಿಸುವ ಕೋರ್ಸ್ ಬೇರೆ. ಅದೇ ಬೇಕು ಅನ್ನೋದಾದರೆ ಫೀಸ್ ಕಟ್ಟುವ ಮುಂಚೆ ಸಬ್ಜೆಕ್ಟ್ ಪಟ್ಟಿ ಇನ್ನೊಂದು ಸಲ ನೋಡು.

ಈಗ ನಿನ್ನ ಸಿಕ್ಕಾಪಟ್ಟೆ ಸಿನಿಮಾದ ವಿಷಯ.

ಮೊದಲ ವಾರ ನಮಗೆ 1895ರ ಒಂದು ಚಿತ್ರ ತೋರಿಸಿದರು. ಫ್ರಾನ್ಸಿನ ಲಿಯಾನ್‌ನಲ್ಲಿ ಲೂಮಿಯೇರ್ ಅಣ್ಣತಮ್ಮಂದಿರ ಫ್ಯಾಕ್ಟರಿ ಎದುರು ತೆಗೆದದ್ದು. ಗೇಟು ತೆರೆಯುತ್ತದೆ, ಕೆಲಸದವರು ಹೊರಗೆ ಬರುತ್ತಾರೆ. ಸುಮಾರು 46 ಸೆಕೆಂಡು. ಒಂದೇ ಶಾಟ್, ಕ್ಯಾಮೆರಾ ಅಲ್ಲಾಡುವುದಿಲ್ಲ. 'ಏನು ನೋಡಿದಿರಿ?' ಅಂದರು ಟ್ಯೂಟರ್. 'ಜನ ಕೆಲಸ ಬಿಟ್ಟು ಮನೆಗೆ ಹೋದರು' ಅಂದೆವು. ಮತ್ತೆ ಹಾಕಿದರು. ಆಗ ನಾಯಿ ಕಂಡಿತು. ಮತ್ತೆ ಹಾಕಿದರು. ಸೈಕಲ್ಲು ಕಂಡಿತು, ಹೆಂಗಸರ ಉದ್ದ ಲಂಗ, ಟೋಪಿ ಕಂಡವು. ಅಷ್ಟು ಜನರಲ್ಲಿ ಯಾರೂ ನೇರ ಕ್ಯಾಮೆರಾ ಮೇಲೆ ಬರದೆ ಎಡಕ್ಕೂ ಬಲಕ್ಕೂ ತಿರುಗಿ ಹೋಗೋದು ಕಂಡಿತು. ಆಮೇಲೆ ಹೇಳಿದರು, ಇದನ್ನೇ ಬೇರೆ ಬೇರೆ ದಿನ ಮೂರು ಸಲ ತೆಗೆದಿದ್ದಾರೆ ಅಂತ. ಒಂದರಲ್ಲಿ ಗಾಡಿಗೆ ಒಂದು ಕುದುರೆ, ಒಂದರಲ್ಲಿ ಎರಡು, ಇನ್ನೊಂದರಲ್ಲಿ ಗಾಡಿಯೇ ಇಲ್ಲ. ಸುಮ್ನೆ ಕ್ಯಾಮೆರಾ ಇಟ್ಟು ತೆಗೆದದ್ದು ಅಂದುಕೊಂಡಿದ್ದ ಚಿತ್ರಕ್ಕೂ ರೀಟೇಕ್!

ಮೊದಲ ವರ್ಷ ಕಲಿಸೋದು ಹೆಚ್ಚುಕಮ್ಮಿ ಇದನ್ನೇ. ಫ್ರೇಮಿನೊಳಗೆ ಏನಿದೆ, ಬೆಳಕು ಯಾವ ಕಡೆಯಿಂದ ಬಿದ್ದಿದೆ, ಕ್ಯಾಮೆರಾ ಯಾರ ಎತ್ತರಕ್ಕಿದೆ, ಎಲ್ಲಿ ಕಟ್ ಆಯಿತು, ಆ ಸದ್ದು ಪಾತ್ರಗಳಿಗೂ ಕೇಳಿಸುತ್ತಾ ಇಲ್ಲಾ ನಮಗಷ್ಟೇನಾ. ನಾವು ಪಿಯುಸಿಯಿಂದ ಸಾರಾಂಶ ಬರೆದು ಬರೆದು ಕೈ ಪಳಗಿಸಿಕೊಂಡವರು. ಸಾವಿರ ಪದ ಬರೆಯಿರಿ ಅಂದರೆ ಏಳುನೂರು ಕತೆಗೇ ಹೋಗುತ್ತೆ. ಇಲ್ಲಿ ಕತೆ ಹೇಳಿದರೆ ಮಾರ್ಕ್ಸ್ ಇಲ್ಲ. ನೂರು ಸಿನಿಮಾ ನೋಡಿದವಳಿಗಿಂತ ಒಂದೇ ದೃಶ್ಯವನ್ನು ಹತ್ತು ಸಲ ನೋಡಿದವಳಿಗೆ ಜಾಸ್ತಿ ಬರುತ್ತೆ.

ಇನ್ನು ನೀನು ಕೇಳದೇ ಇರೋ ಒಂದು ವಿಷಯ. ಮೊದಲ ಸೆಮಿಸ್ಟರ್ ಕೊನೆಗೆ ಒಂದು ದೃಶ್ಯ ಆರಿಸಿಕೊಂಡು ಶಾಟ್ ಶಾಟ್ ಬಿಡಿಸಿ ಬರೆಯಬೇಕಿತ್ತು. ಯಾವ ದೇಶದ ಚಿತ್ರವಾದರೂ ಸರಿ ಅಂದಿದ್ದರು. ನನ್ನ ಮನಸ್ಸಿನಲ್ಲಿ ಇದ್ದದ್ದು ಗಿರೀಶ ಕಾಸರವಳ್ಳಿಯವರ 1977ರ 'ಘಟಶ್ರಾದ್ಧ'. ಬರೆದದ್ದು ಹಾಲಿವುಡ್ಡಿನ ಹಳೇ ಚಿತ್ರ 'ಸಿಟಿಜನ್ ಕೇನ್' ಮೇಲೆ, ಕ್ಲಾಸಿನ ಅರ್ಧ ಜನ ಬರೆದ ಹಾಗೆ. ಕನ್ನಡ ಚಿತ್ರ ಇವರಿಗೆ ಯಾರಿಗೆ ಗೊತ್ತು, ಮಡಿ ಅಂದರೇನು, ಬಹಿಷ್ಕಾರ ಅಂದರೇನು ಅಂತ ಬಿಡಿಸಿ ಹೇಳುತ್ತಾ ಕೂತರೆ ಪುಟ ಸಾಲುತ್ತಾ ಅನ್ನೋ ಅಳುಕು. 'ಅಚ್ಚುಕಟ್ಟಾಗಿದೆ' ಅಂತ ಮಾರ್ಕ್ಸ್ ಕೊಟ್ಟರು. ಅಚ್ಚುಕಟ್ಟು ಅಷ್ಟೇ.

'ಘಟಶ್ರಾದ್ಧ'ದ ಕೊನೆಯಲ್ಲಿ ವಿಧವೆ ಯಮುನಾ ತಲೆ ಬೋಳಿಸಿಕೊಂಡು ಕೂತಿರೋದನ್ನು ಹುಡುಗ ನೋಡುತ್ತಾನಲ್ಲ, ಅದನ್ನು ನಾನು ಬರೀ ಸಿನಿಮಾ ಅಂತ ಯಾವತ್ತೂ ನೋಡಿಲ್ಲ. ನಮ್ಮಜ್ಜಿಯ ಅಕ್ಕ ಬೋಳು ತಲೆ ಮೇಲೆ ಕೆಂಪು ಸೀರೆ ಸೆರಗು ಹೊದ್ದು ಹಿತ್ತಿಲ ಬಾಗಿಲಲ್ಲೇ ಕೂರುತ್ತಿದ್ದರು. ನಡುಮನೆಯಲ್ಲಿ ನೆಂಟರು ಇದ್ದರೆ ಅವರು ಹಿತ್ತಿಲಿನಿಂದ ಈಚೆ ಬರುತ್ತಿರಲಿಲ್ಲ. ಕಪ್ಪು ಬಿಳುಪಿನ ಆ ಚಿತ್ರದಲ್ಲಿ ಎಲ್ಲ ಬಣ್ಣವೂ ಬೂದು. ನನ್ನ ಕಣ್ಣಿಗೆ ಮಾತ್ರ ಅಲ್ಲೊಂದು ಕೆಂಪು ಕಾಣುತ್ತಿತ್ತು. ಒಬ್ಬ ಹೆಂಗಸನ್ನು ಬಾಗಿಲ ಚೌಕಟ್ಟಿನೊಳಗೆ ಕೂರಿಸಿದರೆ ಅದರ ಅರ್ಥ ಏನು ಅಂತ ನನಗೆ ಯಾವ ಪುಸ್ತಕವೂ ಹೇಳಿಕೊಡಬೇಕಾಗಿರಲಿಲ್ಲ. ಆ ತರಗತಿಯಲ್ಲಿ ಇನ್ನು ಯಾರೂ ಬರೆಯಲಾಗದ ಎರಡು ಪುಟ ನನ್ನ ಹತ್ತಿರ ಇದ್ದವು, ಬರೆಯಲಿಲ್ಲ. 2024ರಲ್ಲಿ ಅದೇ ಚಿತ್ರವನ್ನು ರಿಸ್ಟೋರ್ ಮಾಡಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು ಅಂತ ಓದಿದಾಗ ಹೆಮ್ಮೆಯೂ ಆಯಿತು, ಹೊಟ್ಟೆಯೂ ಉರಿಯಿತು.

ಇನ್ನೊಂದು ತಮಾಷೆ ಕೇಳು. ಇಲ್ಲಿ ಯಾರಿಗೂ ನಮ್ಮ ಸಿನಿಮಾ ಗೊತ್ತಿಲ್ಲ ಅಂತ ಒದ್ದಾಡುತ್ತಿದ್ದೆನಲ್ಲ, 1970ರ 'ಸಂಸ್ಕಾರ'ಕ್ಕೆ ಕ್ಯಾಮೆರಾ ಹಿಡಿದವರು ಟಾಮ್ ಕೋವನ್ ಅನ್ನೋ ಆಸ್ಟ್ರೇಲಿಯಾದವರು! ಶೃಂಗೇರಿ ಕಡೆಯ ಅಗ್ರಹಾರ, ನಮ್ಮ ಬ್ರಾಹ್ಮಣರ ಜಗಳ, ನೋಡಿದ ಕಣ್ಣು ಈ ದೇಶದ್ದು. ಇದು ನನಗೆ ಗೊತ್ತಾಗಿದ್ದು ಡಿಗ್ರಿ ಮುಗಿದ ಮೇಲೆ. ನಿನಗೆ ಈಗಲೇ ಹೇಳಿದ್ದೀನಿ, ಟ್ಯುಟೋರಿಯಲ್ ಅನ್ನೋ ಚರ್ಚೆಯ ಕ್ಲಾಸಿನಲ್ಲಿ ಬಾಯಿ ಬಿಡೋಕೆ ಒಂದು ನೆಪ ಆಯಿತು. ಬಾಯಿ ಬಿಡಲೇಬೇಕು, ಗೊತ್ತಿರಲಿ. ನಮ್ಮಲ್ಲಿ ಮೇಷ್ಟ್ರ ಮುಂದೆ ಸುಮ್ಮನಿದ್ದರೆ ಮರ್ಯಾದೆ. ಇಲ್ಲಿ ಸುಮ್ಮನಿದ್ದರೆ ಓದಿಕೊಂಡು ಬಂದಿಲ್ಲ ಅಂದುಕೊಳ್ಳುತ್ತಾರೆ.

ಆಸ್ಟ್ರೇಲಿಯಾದ ಸಿನಿಮಾ ಚರಿತ್ರೆಯ ಪಾಠಕ್ಕೆ 'ದ ಸ್ಟೋರಿ ಆಫ್ ದ ಕೆಲ್ಲಿ ಗ್ಯಾಂಗ್' ಬಂದೇ ಬರುತ್ತದೆ. 1906ರಲ್ಲಿ ಇದೇ ಮೆಲ್ಬರ್ನ್ ಸುತ್ತ ತೆಗೆದದ್ದು, ಒಂದು ಗಂಟೆಗೂ ಮೀರಿದ ಚಿತ್ರ. ಪ್ರಪಂಚದ ಮೊದಲ ಪೂರ್ಣಾವಧಿ ಕಥಾಚಿತ್ರ ಅನ್ನುತ್ತಾರೆ. ಉಳಿದಿರೋದು ಸುಮಾರು 17 ನಿಮಿಷ. ಅಷ್ಟನ್ನೇ ಕ್ಯಾನ್‌ಬೆರಾದ ಆರ್ಕೈವ್‌ನವರು ಒಂದೊಂದು ಚೂರೂ ಹೆಕ್ಕಿ ಸರಿಮಾಡಿ ಇಟ್ಟಿದ್ದಾರೆ. ನಮ್ಮ ಮೊದಲ ಟಾಕಿ 'ಸತಿ ಸುಲೋಚನ' ಅದಕ್ಕಿಂತ ಎಷ್ಟು ಈಚಿನದು, 1934ರದ್ದು. ಅದರ ಒಂದು ಪ್ರಿಂಟೂ ಉಳಿದಿಲ್ಲ. ಈ ಹೋಲಿಕೆ ತರಗತಿಯಲ್ಲಿ ಮಾಡು, ನಾಚಿಕೆ ಬೇಡ.

ಕೆಲಸದ ವಿಷಯ ಏನು ಹೇಳಲಿ. ಈ ಡಿಗ್ರಿ ನೋಡಿ ಯಾರೂ ಕರೆದು ಕೆಲಸ ಕೊಡೋದಿಲ್ಲ. ನಾನು ಕೌನ್ಸಿಲ್ ಲೈಬ್ರರಿಯಲ್ಲಿದ್ದೀನಿ, ಚೆನ್ನಾಗೇ ಇದ್ದೀನಿ. ಅಪ್ಪ ಈಗಲೂ ನೆಂಟರ ಮುಂದೆ 'ಮಗಳು ಫಿಲ್ಮ್ ಫೀಲ್ಡಲ್ಲಿದ್ದಾಳೆ' ಅನ್ನುತ್ತಾರೆ, ನಾನೂ ತಿದ್ದಲು ಹೋಗಿಲ್ಲ. ಸಾಲ ಮಾಡಿ ಬರೋದಾದರೆ ಜೊತೆಗೆ ಇನ್ನೊಂದು ಮೇಜರ್, ಅಂದರೆ ಮುಖ್ಯ ವಿಷಯ, ಇಟ್ಟುಕೊ.

ದುಡ್ಡಿಲ್ಲದ ದಿನ ಫ್ಲಿಂಡರ್ಸ್ ಸ್ಟ್ರೀಟ್ ಸ್ಟೇಷನ್ ಎದುರಿನ ಎ.ಸಿ.ಎಂ.ಐ. ಅನ್ನೋ ಸಿನಿಮಾ ಮ್ಯೂಸಿಯಂಗೆ ಹೋಗು. ಅಲ್ಲಿನ ಕಾಯಂ ಪ್ರದರ್ಶನಕ್ಕೆ ಟಿಕೆಟ್ ಇಲ್ಲ. ದುಡ್ಡಿರುವ ದಿನ ಸೇಂಟ್ ಕಿಲ್ಡಾದ ಆಸ್ಟರ್ ಥಿಯೇಟರ್‌ಗೆ. 1936ರದ್ದು, ಒಂದೇ ಪರದೆ, ಬಾಲ್ಕನಿ ಇದೆ. ಒಳಗೆ ಕಾಲಿಟ್ಟರೆ ಊರಿನ ಟಾಕೀಸ್ ನೆನಪಾಗಿ ಗಂಟಲು ಕಟ್ಟುತ್ತೆ, ಆದರೂ ಹೋಗು.

ಹಾಂ, ಮಜ್ಜಿಗೆ ಮೆಣಸಿನಕಾಯಿ, ಚಟ್ನಿಪುಡಿ ಏನೇ ತಂದರೂ ವಿಮಾನದಲ್ಲಿ ಕೊಡುವ ಕಾರ್ಡ್‌ನಲ್ಲಿ ತಿಂಡಿ ಇದೆ ಅಂತಲೇ ಬರಿ. ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ ಜೋರು. ಫೆಬ್ರವರಿಯಲ್ಲಿ ಇಲ್ಲಿ ಸೆಕೆ, ಅಮ್ಮ ಎಷ್ಟೇ ಹೇಳಿದರೂ ದಪ್ಪ ಸ್ವೆಟರ್ ಹೊತ್ತು ತರಬೇಡ. ಚಳಿ ಶುರುವಾಗೋ ಮುಂಚೆ ಇಲ್ಲೇ ತಗೊಂಡರಾಯಿತು.