ಎಂಟು ವರ್ಷ ಹಳೆಯ ಲಕ್ಷುರಿ ಎಸ್‌ಯುವಿ ಕಾಲುಭಾಗದ ಬೆಲೆಗೆ ಸಿಗುತ್ತಿದೆ, ತಗೊಳ್ಳಬಹುದಾ?

ಹೊಸದರಲ್ಲಿ 90 ಲಕ್ಷ ದಾಟಿದ್ದ ಡೀಸೆಲ್ ಎಸ್‌ಯುವಿ ಈಗ 24 ಲಕ್ಷಕ್ಕೆ ಬೆಂಗಳೂರಲ್ಲಿ ಸಿಗುತ್ತಿದೆ, ನೀವಿರುವುದು ದಾವಣಗೆರೆಯಲ್ಲಿ, ಓಡಾಟ ಬಹುತೇಕ ಊರೊಳಗೇ ಅಂತ ಬರೆದಿದ್ದೀರಿ. ‘ಇಂಥ ಗಾಡಿಗಳು ಯಾವಾಗಲೂ ಗ್ಯಾರೇಜಲ್ಲೇ ಇರುತ್ತವಂತೆ, ನಿಜವಾ, ಇಲ್ಲ ಹೊಟ್ಟೆಕಿಚ್ಚಿನ ಮಾತಾ?’ ಅನ್ನೋದು ನಿಮ್ಮ ಪ್ರಶ್ನೆ.

ಮಾತು ಸುಳ್ಳಲ್ಲ. ನನ್ನ ಹತ್ತಿರವೂ ಸೆಕೆಂಡ್ ಹ್ಯಾಂಡ್ ತಗೊಂಡ ಯುರೋಪಿನ ಎಸ್‌ಯುವಿ ಇದೆ, ಇನ್ನೂ ಓಡಿಸುತ್ತಿದ್ದೇನೆ. ಕಂಪನಿ ಹೆಸರು ಬೇಡ. ಜನ ಎಂಜಿನ್ ಬಗ್ಗೆ ಹೆದರುತ್ತಾರೆ, ಆದರೆ ನನಗೆ ಇದುವರೆಗೆ ಕೈಕೊಟ್ಟಿದ್ದೆಲ್ಲ ಎಂಜಿನ್ನಿನ ಸುತ್ತಮುತ್ತಲಿನ ರಬ್ಬರ್, ಪ್ಲಾಸ್ಟಿಕ್, ಸೆನ್ಸರ್, ವೈರಿಂಗ್. ಇವು ಯಾವ ಕಾರಲ್ಲೂ ಹಳೆಯದಾಗುತ್ತವೆ. ಇಲ್ಲಿ ಕಷ್ಟ ಏನಂದರೆ, ಗಾಡಿ ಬೆಲೆ 24 ಲಕ್ಷಕ್ಕೆ ಇಳಿದರೂ ಪಾರ್ಟ್ಸ್ ಬೆಲೆ 90 ಲಕ್ಷದ ಗಾಡಿಯದ್ದೇ. ಚಾಕಣ್‌ನಲ್ಲೋ ಚೆನ್ನೈನಲ್ಲೋ ಜೋಡಿಸಿದ ಗಾಡಿಯಾದರೂ ಬಿಡಿಭಾಗಗಳಲ್ಲಿ ಬಹಳಷ್ಟು ಹೊರದೇಶದಿಂದಲೇ ಬರಬೇಕು. ಬರುವ ತನಕ ಗಾಡಿ ನಿಂತೇ ಇರುತ್ತದೆ.

ಮೊದಲು ಏರ್ ಸಸ್ಪೆನ್ಷನ್ (ಸ್ಪ್ರಿಂಗ್ ಬದಲು ಗಾಳಿ ತುಂಬಿದ ರಬ್ಬರ್ ಚೀಲಗಳ ಮೇಲೆ ಗಾಡಿ ನಿಲ್ಲುವ ವ್ಯವಸ್ಥೆ) ಬಗ್ಗೆ ಹೇಳುತ್ತೇನೆ, ಯಾಕಂದರೆ ಜಾಸ್ತಿ ದುಡ್ಡು ತಿಂದಿದ್ದು ಅದೇ. ಒಮ್ಮೆ ಚಿಕ್ಕಮಗಳೂರಿನ ಕಡೆ ಒಂದು ಹೋಂಸ್ಟೇಯಲ್ಲಿ ಉಳಿದಿದ್ದೆವು. ಬೆಳಿಗ್ಗೆ ನೋಡಿದರೆ ಗಾಡಿಯ ಮುಂದಿನ ಎಡಗಡೆ ಮೂಲೆ ಪೂರ್ತಿ ಕೂತುಬಿಟ್ಟಿದೆ, ಫೆಂಡರ್ ಮತ್ತು ಟೈರ್ ನಡುವೆ ಬೆರಳು ತೂರಿಸಲು ಜಾಗವಿಲ್ಲ. ನಮ್ಮ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ‘ಸಾರ್, ಸ್ಟಾರ್ಟ್ ಮಾಡಿ ಸುಮ್ನೆ ನಿಂತು ಕೇಳಿ. ಕೆಳಗಡೆ ಗುರ್ ಅಂತ ಕಂಪ್ರೆಸರ್ ಓಡ್ತಾ ಇದೆಯಾ?’ ಅಂದ. ಓಡುತ್ತಿತ್ತು. ‘ಹಾಗಾದ್ರೆ ಬಚಾವ್. ಗಾಡಿ ಮೇಲೆದ್ದ ತಕ್ಷಣ ಹೊರಡಿ, ದಾರಿಯಲ್ಲಿ ಆಫ್ ಮಾಡಿ ತುಂಬಾ ಹೊತ್ತು ನಿಲ್ಲಿಸಬೇಡಿ’ ಅಂದ. ಗ್ಯಾರೇಜಲ್ಲಿ ಅವನು ಸ್ಪ್ರೇ ಬಾಟಲಿಯಲ್ಲಿ ಸೋಪಿನ ನೀರು ತುಂಬಿ ಸಸ್ಪೆನ್ಷನ್ನಿನ ಆ ಗಾಳಿ ಚೀಲದ, ಅಂದರೆ ಏರ್ ಬ್ಯಾಗಿನ ಮೇಲೆ ಹೊಡೆದ. ರಬ್ಬರ್ ಮಡಚುವ ಜಾಗದಲ್ಲಿ ಸಣ್ಣ ಸಣ್ಣ ಗುಳ್ಳೆ ಎದ್ದವು. ಕೂದಲೆಳೆಯಷ್ಟು ಬಿರುಕು, ಅಷ್ಟೇ.

ಆ ಬಿರುಕನ್ನು ಹಾಗೇ ಬಿಟ್ಟರೆ ಏನಾಗುತ್ತದೆ ಅನ್ನೋದು ಮುಖ್ಯ. ಗಾಳಿ ಸೋರಿದಷ್ಟೂ ಕಂಪ್ರೆಸರ್ ಮತ್ತೆ ಮತ್ತೆ ತುಂಬಿಸಲು ನೋಡುತ್ತದೆ. ಅದು ಹೊತ್ತುಗಟ್ಟಲೆ ಓಡಲು ಮಾಡಿದ ಮೋಟಾರ್ ಅಲ್ಲ. ಬಿಸಿಯಾಗುತ್ತದೆ, ಅದರ ಸ್ವಿಚ್ಚಿನಂಥ ರಿಲೇ ಅಂಟಿಕೊಳ್ಳುತ್ತದೆ, ಕೊನೆಗೆ ಸುಟ್ಟುಹೋಗುತ್ತದೆ. ಒಂದು ಏರ್ ಬ್ಯಾಗಿನ ಖರ್ಚು ಹೀಗೆ ಏರ್ ಬ್ಯಾಗ್ ಪ್ಲಸ್ ಕಂಪ್ರೆಸರ್ ಆಗುತ್ತದೆ. ಆಥರೈಸ್ಡ್ ವರ್ಕ್‌ಶಾಪಿನವರು ಒಂದು ಮೂಲೆಗೇ ಲಕ್ಷದ ಮೇಲೆ ಎಸ್ಟಿಮೇಟ್ ಕೊಟ್ಟರು. ಹೊರಗಡೆ ಒಳ್ಳೆ ಬ್ರ್ಯಾಂಡಿನ ಬದಲಿ ಪಾರ್ಟ್ ಹಾಕಿಸಿದ್ದು ಅದರ ಅರ್ಧಕ್ಕಿಂತ ಕಮ್ಮಿಗೆ. ಹಾಗಾಗಿ ಗಾಡಿ ನೋಡಲು ಹೋದಾಗ ಹಗಲಲ್ಲಿ ಒಂದು ರೌಂಡ್ ಓಡಿಸಿ ಬಂದರೆ ಏನೂ ಗೊತ್ತಾಗಲ್ಲ. ರಾತ್ರಿ ಪೂರ್ತಿ ನಿಂತಿರಲಿ, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ನಾಲ್ಕೂ ಮೂಲೆಯ ಎತ್ತರ ನೋಡಿ. ಡೀಲರ್ ಇದಕ್ಕೆ ಒಪ್ಪದಿದ್ದರೆ ಅಲ್ಲಿಂದ ಎದ್ದು ಬನ್ನಿ.

ಎರಡನೆಯದು ಡಿಪಿಎಫ್. ನಿಮ್ಮ ಓಡಾಟ ಊರೊಳಗೇ ಅಂದಿದ್ದೀರಲ್ಲ, ನನಗೆ ನಿಜಕ್ಕೂ ಚಿಂತೆ ಇರುವುದು ಇಲ್ಲಿ. ಡೀಸೆಲ್ ಹೊಗೆಯ ಮಸಿಯನ್ನು ಹಿಡಿದಿಡುವ ಫಿಲ್ಟರ್ ಇದು. ಮಸಿ ತುಂಬಿದಾಗ ಗಾಡಿ ತಾನೇ ಅದನ್ನು ಸುಡುತ್ತದೆ. ಅದಕ್ಕೆ ಎಕ್ಸಾಸ್ಟ್ ಚೆನ್ನಾಗಿ ಬಿಸಿಯಾಗಬೇಕು, ಅಂದರೆ ಹೈವೇಯಲ್ಲಿ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಬೇಕು. ಮನೆಯಿಂದ ಅಂಗಡಿ, ಅಂಗಡಿಯಿಂದ ಮನೆ ಅಂತ ಓಡಿಸಿದರೆ ಸುಡುವ ಕೆಲಸ ಪ್ರತಿ ಸಲ ಅರ್ಧಕ್ಕೇ ನಿಲ್ಲುತ್ತದೆ. ಆ ಬಿಸಿಗೆಂದು ಹೆಚ್ಚಾಗಿ ಸಿಂಪಡಿಸಿದ ಡೀಸೆಲ್ ಸಿಲಿಂಡರ್ ಗೋಡೆಯಿಂದ ಇಳಿದು ಎಂಜಿನ್ ಆಯಿಲಿಗೆ ಸೇರುತ್ತದೆ. ಆಯಿಲ್ ಮಟ್ಟ ಕಮ್ಮಿಯಾಗುವ ಬದಲು ಏರುತ್ತದೆ! ನೋಡಿದವರು ‘ಪರವಾಗಿಲ್ಲ, ಆಯಿಲ್ ಕುಡಿಯಲ್ಲ’ ಅಂತ ಖುಷಿಪಡುತ್ತಾರೆ. ಆದರೆ ಡೀಸೆಲ್ ಸೇರಿ ತೆಳುವಾದ ಆಯಿಲಲ್ಲಿ ಟರ್ಬೊ, ಬೇರಿಂಗ್, ಎಂಜಿನ್ ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ಆಡಿಸುವ ಟೈಮಿಂಗ್ ಚೈನ್ ಎಲ್ಲಾ ಸವೆಯುತ್ತವೆ. ಕೆಲವು ಬಿಎಂಡಬ್ಲ್ಯು ಡೀಸೆಲ್‌ಗಳಲ್ಲಿ ಟೈಮಿಂಗ್ ಚೈನ್ ಎಂಜಿನ್ನಿನ ಹಿಂಬದಿಗೆ ಇದೆ, ಗೇರ್‌ಬಾಕ್ಸ್ ಕಡೆಗೆ. ಚೈನ್ ಬದಲಿಸಬೇಕಂದರೆ ಎಂಜಿನ್ನೋ ಗೇರ್‌ಬಾಕ್ಸೋ ಇಳಿಸಬೇಕು. ಲೇಬರ್ ಬಿಲ್ ಎಷ್ಟಾಗಬಹುದು ನೀವೇ ಯೋಚಿಸಿ.

ರೀಕಾಲ್ ಆಗಿತ್ತಾ ಅಂತಲೂ ಚಾಸಿ ನಂಬರ್ ಕೊಟ್ಟು ಕಂಪನಿಯಲ್ಲೇ ಕೇಳಿ. 2018ರಲ್ಲಿ ದಕ್ಷಿಣ ಕೊರಿಯಾದಲ್ಲಿ ಬಿಎಂಡಬ್ಲ್ಯು ಡೀಸೆಲ್ ಕಾರುಗಳು ಒಂದರ ಮೇಲೊಂದು ಬೆಂಕಿ ಹತ್ತಿಕೊಂಡಿದ್ದು ನೆನಪಿರಬಹುದು. ಎಂಜಿನ್ನಿಗೆ ವಾಪಸ್ ಹೋಗುವ ಹೊಗೆಯನ್ನು ತಣ್ಣಗಾಗಿಸುವ ಇಜಿಆರ್ ಕೂಲರ್‌ನಿಂದ ಕೂಲಂಟ್ ಸೋರಿ, ಮಸಿಯ ಜೊತೆ ಸೇರಿ ಹೊತ್ತಿಕೊಳ್ಳುತ್ತಿತ್ತು. ಅಲ್ಲೇ 1 ಲಕ್ಷಕ್ಕೂ ಹೆಚ್ಚು ಕಾರು ವಾಪಸ್ ಕರೆದರು, ಆಮೇಲೆ ಜಗತ್ತಿನಾದ್ಯಂತ ಅದು 16 ಲಕ್ಷದ ಹತ್ತಿರ ಹೋಯಿತು. ಇಂಥ ಕೆಲಸ ಪುಕ್ಕಟೆ ಮಾಡಿಕೊಡುತ್ತಾರೆ. ಹಳೇ ಓನರ್ ಮಾಡಿಸದೆ ಬಿಟ್ಟಿದ್ದರೆ ತಲೆನೋವು ನಿಮಗೆ.

ಇನ್ನು ಡ್ಯಾಶ್‌ಬೋರ್ಡಿನ ದೀಪಗಳು. ಒಟ್ಟೊಟ್ಟಿಗೆ ನಾಲ್ಕೈದು ವಾರ್ನಿಂಗ್ ಬಂದರೆ ಮೊದಲು ಬ್ಯಾಟರಿ ಚೆಕ್ ಮಾಡಿಸಿ. ವೋಲ್ಟೇಜ್ ಬಿದ್ದರೆ ಈ ಗಾಡಿಗಳ ಕಂಪ್ಯೂಟರ್‌ಗಳಿಗೆ ತಲೆಕೆಡುತ್ತದೆ, ಇಲ್ಲದ ದೋಷವನ್ನೂ ತೋರಿಸುತ್ತವೆ. ಸನ್‌ರೂಫಿನ ನೀರು ಇಳಿಯುವ ಪೈಪು ಕಸ ಕಟ್ಟಿಕೊಂಡರೂ ಇದೇ ಕಥೆ. ನೀರು ಕಾರ್ಪೆಟ್ ಕೆಳಗೆ ಇಳಿದು ಅಲ್ಲಿರುವ ಎಲೆಕ್ಟ್ರಾನಿಕ್ ಮಾಡ್ಯೂಲ್ ಹಾಳು. ಮರದ ಕೆಳಗೆ ನಿಲ್ಲಿಸುವ ಗಾಡಿಯಾದರೆ ಇದನ್ನು ಮರೆಯಲೇಬೇಡಿ.

ಗೇರ್‌ಬಾಕ್ಸ್ ಆಯಿಲ್ ‘ಲೈಫ್‌ಟೈಮ್’, ಬದಲಿಸಬೇಕಾಗೇ ಇಲ್ಲ ಅಂತ ಸೇಲ್ಸಿನವರು ಹೇಳುತ್ತಾರೆ. ಈ ವರ್ಗದ ಎಷ್ಟೋ ಗಾಡಿಗಳಿಗೆ ಗೇರ್‌ಬಾಕ್ಸ್ ಮಾಡಿಕೊಡುವುದು ಝಡ್‌ಎಫ್ ಅನ್ನೋ ಜರ್ಮನ್ ಕಂಪನಿ. ಅವರೇ 80,000ದಿಂದ 1,20,000 ಕಿ.ಮೀ. ಒಳಗೆ ಬದಲಿಸಿ ಅನ್ನುತ್ತಾರೆ. ನಾನು ಮಾತು ಕೇಳುವುದು ಗೇರ್‌ಬಾಕ್ಸ್ ಮಾಡಿದವರದ್ದು.

ಬೆಂಗಳೂರಿನ ಗಾಡಿ ಅಂದಿದ್ದಕ್ಕೆ ಇದೊಂದು ಮಾತು. 2022ರ ಸೆಪ್ಟೆಂಬರ್ ಮಳೆಗೆ ಯಮಲೂರು ಕಡೆಯ ದೊಡ್ಡ ದೊಡ್ಡ ಬಡಾವಣೆಗಳಲ್ಲಿ ಕೋಟಿ ಬೆಲೆಯ ಕಾರುಗಳು ನೀರಲ್ಲಿ ನಿಂತಿದ್ದನ್ನು ಟಿವಿಯಲ್ಲಿ ನೋಡಿದ್ದೀರಿ ಅಲ್ವಾ? ನೀರು ನುಗ್ಗಿದ ಗಾಡಿಯನ್ನು ಒಣಗಿಸಿ, ಪಾಲಿಶ್ ಮಾಡಿ ಮಾರುವವರಿದ್ದಾರೆ. ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆದು ನೋಡಿ, ಮಣ್ಣಿನ ಗೆರೆ ಅಲ್ಲಿ ಉಳಿದಿರುತ್ತದೆ. ಸ್ಟೆಪ್ನಿ ಇಡುವ ಗುಂಡಿಯಲ್ಲಿ ಕೈ ಹಾಕಿ. ಸೀಟಿನ ಕೆಳಗಿನ ಬೋಲ್ಟ್‌ಗೆ ತುಕ್ಕು ಹಿಡಿದಿದೆಯಾ ನೋಡಿ. ಇನ್ಶೂರೆನ್ಸ್ ಕ್ಲೇಮ್ ಹಿಸ್ಟರಿಯನ್ನೂ ಕೇಳಿ ಪಡೆಯಿರಿ.

ಹಾಗಾದರೆ ಯಾಕೆ ಇನ್ನೂ ಇಟ್ಟುಕೊಂಡಿದ್ದೀರಿ ಅಂತ ಕೇಳಬಹುದು. ಶಿರಾಡಿ ಘಾಟಿಯಲ್ಲಿ ಮಳೆ ಹೊಡೆಯುತ್ತಿರುವಾಗ ಅದು ರಸ್ತೆ ಕಚ್ಚಿಕೊಂಡು ಹೋಗುವ ರೀತಿಗೆ ಇನ್ನೊಂದು ಗಾಡಿ ನನಗೆ ಸಿಕ್ಕಿಲ್ಲ. ಮನೆಯಿಂದ ಸ್ವಲ್ಪ ದೂರದಲ್ಲೇ ಇವನ್ನೇ ರಿಪೇರಿ ಮಾಡುವ ಹೊರಗಿನ ಗ್ಯಾರೇಜ್ ಇದೆ. ಮನೆಯಲ್ಲಿ ಇನ್ನೊಂದು ಸಾಮಾನ್ಯ ಕಾರೂ ಇದೆ, ಇದು ನಿಂತರೆ ಕೆಲಸ ನಿಲ್ಲಲ್ಲ.

ನಿಮ್ಮ ಪರಿಸ್ಥಿತಿ ಬೇರೆ. ಹತ್ತಿರದಲ್ಲಿ ಆ ಕಂಪನಿಯ ವರ್ಕ್‌ಶಾಪ್ ಇಲ್ಲ ಅಂತ ನೀವೇ ಬರೆದಿದ್ದೀರಿ. ಕೆಟ್ಟರೆ ಬೆಂಗಳೂರಿಗೆ 260 ಕಿ.ಮೀ. ಆಲ್ ವೀಲ್ ಡ್ರೈವ್ ಗಾಡಿಯನ್ನು ಎರಡು ಚಕ್ರ ಎತ್ತಿ ಎಳೆಯುವ ಹಾಗಿಲ್ಲ, ಫ್ಲ್ಯಾಟ್‌ಬೆಡ್ ಲಾರಿಯೇ ಬೇಕು. ಇದೊಂದೇ ಕಾರು ಮನೆಗೆ ಅಂತಾದರೆ ಬೇಡ, ಅದೇ ದುಡ್ಡಿಗೆ ಟೊಯೊಟಾ ಷೋರೂಮ್ ಕಡೆ ಹೋಗಿ. ಎರಡನೇ ಕಾರು ಅನ್ನೋದಾದರೆ, ಗಾಡಿ ಬೆಲೆಯ ಮೇಲೆ ಇನ್ನೊಂದು ನಾಲ್ಕೈದು ಲಕ್ಷ ಬ್ಯಾಂಕಲ್ಲಿ ಬೇರೆಯಾಗಿ ಇಟ್ಟು ಆಮೇಲೆ ಅಡ್ವಾನ್ಸ್ ಕೊಡಿ. ಅದೇ ಮಾಡೆಲ್ಲಿನಲ್ಲಿ ಏರ್ ಸಸ್ಪೆನ್ಷನ್ ಇಲ್ಲದ, ಮಾಮೂಲಿ ಕಾಯಿಲ್ ಸ್ಪ್ರಿಂಗಿನ ವೇರಿಯೆಂಟ್ ಸಿಗುತ್ತದಾ ಅಂತಲೂ ವಿಚಾರಿಸಿ. ಸಿಕ್ಕರೆ, ಪೆಟ್ರೋಲ್ ಆಗಿದ್ದರಂತೂ ಇನ್ನೂ ಒಳ್ಳೇದು, ಊರೊಳಗಿನ ಓಡಾಟಕ್ಕೆ ಡಿಪಿಎಫ್ ಕಾಟವೂ ತಪ್ಪುತ್ತದೆ.