ಕಿಡ್ನಿ ಕಸಿಯಾದವರ ಕಾಲಿನಲ್ಲಿ ನೇರಳೆ ಮಚ್ಚೆ: ಮಾತ್ರೆ ನಿಲ್ಲಿಸಬಹುದೇ?

ನಿಮ್ಮ ತಂದೆಯವರಿಗೆ ಕಿಡ್ನಿ ಕಸಿಯಾಗಿ ಎರಡು ವರ್ಷವಾಗಿದೆ, ಪಾದದ ಮೇಲೆ ನೇರಳೆ ಬಣ್ಣದ ಮಚ್ಚೆಗಳು ಎದ್ದಿವೆ, ಕ್ಯಾನ್ಸರ್ ಇರಬಹುದೆಂದು ವೈದ್ಯರು ಬಯಾಪ್ಸಿಗೆ, ಅಂದರೆ ಚರ್ಮದ ತುಣುಕು ತೆಗೆದು ಮಾಡುವ ಪರೀಕ್ಷೆಗೆ ಬರೆದಿದ್ದಾರೆ, ಅಲ್ಲಿಯವರೆಗೆ ನಿರೋಧಕ ಶಕ್ತಿಯನ್ನು ತಗ್ಗಿಸುವ ಕಸಿಯ ಮಾತ್ರೆಗಳನ್ನು ನಿಲ್ಲಿಸಲೇ ಎಂದು ಕೇಳಿದ್ದೀರಿ. ದಯವಿಟ್ಟು ನಿಲ್ಲಿಸಬೇಡಿ. ಒಂದು ಹೊತ್ತಿನ ಮಾತ್ರೆಯನ್ನೂ ತಪ್ಪಿಸಬೇಡಿ. ಉಳಿದದ್ದನ್ನು ಆಮೇಲೆ ಓದಿದರೂ ಆದೀತು.

ನಾನೂ ಕಸಿಯಾದವನೇ. ಕಿಡ್ನಿ ಕೊಟ್ಟವಳು ನನ್ನ ಅಕ್ಕ. ಹದಿನಾಲ್ಕು ತಿಂಗಳಾದ ಮೇಲೆ ಎಡಗಾಲಿನ ಪಾದದ ಕೀಲಿನ ಬಳಿ ಹುಣಸೆಬೀಜದಷ್ಟು ಕಲೆಯೊಂದು ಕಾಣಿಸಿತು. ನನ್ನ ಕಪ್ಪು ಮೈಮೇಲೆ ಅದು ನೇರಳೆಯಾಗಿ ತೋರಲೇ ಇಲ್ಲ. ಮಾಸಿದ ಗಾಯದ ಗುರುತಿನ ಹಾಗಿತ್ತು. ನೋವಿಲ್ಲ, ತುರಿಕೆಯಿಲ್ಲ. ಹತ್ತಿರದ ಕ್ಲಿನಿಕ್ ಒಂದರಲ್ಲಿ ಹುಳುಕಡ್ಡಿ ಎಂದು ಮುಲಾಮು ಕೊಟ್ಟರು. ಅದನ್ನು ಹಚ್ಚುತ್ತಾ ನಾಲ್ಕು ತಿಂಗಳು ಕಳೆದೆ. ಒಂದಿದ್ದದ್ದು ಏಳಾಯಿತು, ಕಾಲು ಊದಿಕೊಂಡಿತು. ಕೊನೆಗೆ ಬಯಾಪ್ಸಿಯಲ್ಲಿ ಸಿಕ್ಕ ಹೆಸರು ಕಪೋಸಿ ಸಾರ್ಕೋಮಾ, ಒಂದು ಬಗೆಯ ಕ್ಯಾನ್ಸರ್.

ಈ ಹೆಸರು ಕೇಳಿದೊಡನೆ ನೆಂಟರ ಮುಖ ಬದಲಾಗುತ್ತದೆ, ಎಚ್‌ಐವಿ ಇರಬೇಕು ಎಂಬ ಪಿಸುಮಾತು ಹುಟ್ಟುತ್ತದೆ. ನನ್ನನ್ನು ರೋಗಕ್ಕಿಂತ ಹೆಚ್ಚು ಕುಗ್ಗಿಸಿದ್ದು ಅದೇ. ವಿಯೆನ್ನಾದ ಚರ್ಮವೈದ್ಯ ಮೋರಿಟ್ಸ್ ಕಪೋಸಿ ಇದನ್ನು ವರ್ಣಿಸಿದ್ದು 1872ರಲ್ಲಿ, ಎಚ್‌ಐವಿ ಎಂಬುದು ಯಾರಿಗೂ ಗೊತ್ತಿಲ್ಲದ ಕಾಲದಲ್ಲಿ. ಎಚ್‌ಐವಿ ಇರುವವರಿಗಾಗಲಿ ನಮ್ಮಂಥವರಿಗಾಗಲಿ ಇದು ಬರುವ ದಾರಿ ಒಂದೇ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಎಚ್‌ಎಚ್‌ವಿ-8 ಎಂಬ ವೈರಸ್ ಮೈಯಲ್ಲಿ ಸುಮ್ಮನೆ ಮಲಗಿರುತ್ತದೆ, ಕೆಲವೊಮ್ಮೆ ಕಸಿ ಮಾಡಿದ ಅಂಗದ ಜೊತೆಗೇ ಬರುತ್ತದೆ. ಕಾವಲು ಕಾಯುವ ನಿರೋಧಕ ಶಕ್ತಿ ತಗ್ಗಿದಾಗ ಅದು ರಕ್ತನಾಳಗಳ ಒಳಪದರದ ಜೀವಕೋಶಗಳನ್ನು ಕೆರಳಿಸುತ್ತದೆ. ಮಚ್ಚೆಗೆ ನೇರಳೆ ಬಣ್ಣ ಬರುವುದು ಹಾಗೆ. ಮೆಡಿಟರೇನಿಯನ್ ತೀರದಲ್ಲಿ, ಆಫ್ರಿಕಾದಲ್ಲಿ ಈ ವೈರಸ್ ಹೆಚ್ಚು; ನಮ್ಮಲ್ಲಿ ವಿರಳ. ಆದ್ದರಿಂದಲೇ ಇಲ್ಲಿ ಅನುಮಾನ ಬರುವುದು ತಡವಾಗುತ್ತದೆ. ನಿಮ್ಮ ವೈದ್ಯರಿಗೆ ಬೇಗ ಬಂದಿದೆ, ಅದು ನಿಮ್ಮ ಪುಣ್ಯ.

ಈಗ ಮಾತ್ರೆಯ ವಿಷಯ. ನಿಮ್ಮ ಯೋಚನೆ ಪೂರ್ತಿ ತಪ್ಪಲ್ಲ, ನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ ಕಡಿಮೆಯಾದರೆ ಮಚ್ಚೆಗಳೂ ಇಳಿಯುವುದುಂಟು. ಆದರೆ ಒಮ್ಮೆಲೇ ನಿಲ್ಲಿಸಿದರೆ ದೇಹ ಕಿಡ್ನಿಯನ್ನೇ ತಿರಸ್ಕರಿಸಬಹುದು. ಬೇರೆ ದಾರಿಯಿದೆ. 2005ರಲ್ಲಿ ಇಟಲಿಯ ವೈದ್ಯರು ಇಂಥ 15 ಮಂದಿ ಕಸಿಯಾದವರಿಗೆ ಸೈಕ್ಲೋಸ್ಪೋರಿನ್ ಎಂಬ ಕಸಿಯ ಔಷಧ ತೆಗೆದು ಸಿರೋಲಿಮಸ್ ಎಂಬ ಇನ್ನೊಂದು ಕಸಿಯ ಔಷಧ ಕೊಟ್ಟರು. ಮೂರು ತಿಂಗಳಲ್ಲಿ ಎಲ್ಲರ ಚರ್ಮದ ಮಚ್ಚೆಗಳೂ ಮಾಯವಾದವು, ಕಿಡ್ನಿಗಳೂ ಉಳಿದವು. ಎಲ್ಲರಿಗೂ ಅಷ್ಟು ಚೆನ್ನಾಗಿ ಆಗುವುದಿಲ್ಲ, ಕೆಲವರಿಗೆ ಕೀಮೋಥೆರಪಿ ಬೇಕಾಗುತ್ತದೆ. ನನಗೂ ನೆಫ್ರಾಲಜಿ (ಕಿಡ್ನಿ) ವೈದ್ಯರು ನಾನು ನುಂಗುತ್ತಿದ್ದ ಟ್ಯಾಕ್ರೋಲಿಮಸ್ ಎಂಬ ಕಸಿಯ ಮಾತ್ರೆಯನ್ನು ಇಳಿಸುತ್ತಾ ಸಿರೋಲಿಮಸ್‌ಗೆ ಬದಲಾಯಿಸಿದರು. ಬಾಯಿಹುಣ್ಣು ಕಾಡಿತು, ಕೊಲೆಸ್ಟರಾಲ್ ಏರಿತು. ಮಚ್ಚೆಗಳು ಮಾತ್ರ ತಿಂಗಳಿಂದ ತಿಂಗಳಿಗೆ ಮಂಕಾಗುತ್ತಾ ಹೋದವು. ಅಕ್ಕನ ಕಿಡ್ನಿ ಈಗಲೂ ಕೆಲಸ ಮಾಡುತ್ತಿದೆ.

ಬಯಾಪ್ಸಿಯಲ್ಲಿ ಬೇರೇನಾದರೂ ಬರಬಹುದು, ಏನೂ ಇಲ್ಲದೆಯೂ ಇರಬಹುದು. ಮರ್ಕೆಲ್ ಕೋಶದ ಕ್ಯಾನ್ಸರ್ ಎಂಬ ಇನ್ನೊಂದು ಅಪರೂಪದ್ದೂ ನಿರೋಧಕ ಶಕ್ತಿ ಕುಂದಿದವರನ್ನು ಹುಡುಕಿಕೊಂಡು ಬರುತ್ತದೆ: ನೋವಿಲ್ಲದ, ವಾರಗಳಲ್ಲೇ ದೊಡ್ಡದಾಗುವ ಗಂಟು. ಬಹುಪಾಲು ಬಿಳಿ ಚರ್ಮದ ವಯಸ್ಸಾದವರಲ್ಲಿ, ಬಿಸಿಲು ಬೀಳುವ ಜಾಗದಲ್ಲಿ. ಕಪೋಸಿಯ ವೈರಸ್ಸನ್ನು 1994ರಲ್ಲಿ ಪತ್ತೆ ಮಾಡಿದ ಯುವಾನ್ ಚಾಂಗ್, ಪ್ಯಾಟ್ರಿಕ್ ಮೂರ್ ದಂಪತಿಯ ಪ್ರಯೋಗಾಲಯವೇ 2008ರಲ್ಲಿ ಇದರ ವೈರಸ್ಸನ್ನೂ ಕಂಡುಹಿಡಿಯಿತು. ಅದು ವೇಗವಾಗಿ ಹರಡುತ್ತದೆ, ಬಯಾಪ್ಸಿಯನ್ನು ಮುಂದೂಡಬೇಡಿ ಎನ್ನುವುದಕ್ಕೆ ಅದೂ ಒಂದು ಕಾರಣ.

ಇನ್ನೊಂದು ಮಾತು. ಯಾರಾದರೂ ಶಕ್ತಿ ಹೆಚ್ಚಲಿ ಎಂದು ಅಮೃತಬಳ್ಳಿ ಕಷಾಯ ಕೊಡಲು ಬಂದರೆ ಕೈಮುಗಿದು ಬೇಡವೆನ್ನಿ. ಕಸಿಯಾದವರ ನಿರೋಧಕ ಶಕ್ತಿಯನ್ನು ಮನೆಯಲ್ಲಿ ಕೆಣಕಬಾರದು.

ತಂದೆಯವರ ಬಾಯಿಯೊಳಗೆ, ಅಂಗುಳಿನ ಮೇಲೆ ಇಂಥ ಮಚ್ಚೆ ಇದೆಯೇ ಎಂದು ಇವತ್ತೇ ಟಾರ್ಚ್ ಹಾಕಿ ನೋಡಿ. ಮಲ ಕಪ್ಪಗಾಗುತ್ತಿದ್ದರೆ, ಉಸಿರು ಕಟ್ಟುತ್ತಿದ್ದರೆ, ಕೆಮ್ಮಿನಲ್ಲಿ ರಕ್ತ ಕಂಡರೆ ಅಂದೇ ಆಸ್ಪತ್ರೆಗೆ ಹೋಗಿ. ಕರುಳಿಗೆ, ಶ್ವಾಸಕೋಶಕ್ಕೆ ತಗುಲಿರಬಹುದು. ಬಯಾಪ್ಸಿ ತುಣುಕಿನಲ್ಲಿ ಎಚ್‌ಎಚ್‌ವಿ-8 ಪರೀಕ್ಷೆಯನ್ನೂ ಮಾಡುತ್ತಾರೆಯೇ ಎಂದು ಕೇಳಿ. ವರದಿ ಬಂದ ದಿನ ಚರ್ಮವೈದ್ಯರೂ ನೆಫ್ರಾಲಜಿ ವೈದ್ಯರೂ ಪರಸ್ಪರ ಮಾತನಾಡುವಂತೆ ನೀವೇ ಪಟ್ಟು ಹಿಡಿಯಿರಿ.